ಪ್ಯಾಕಿಂಗ್ ಬದಲಾದರೂ ನಿಲ್ಲದ ಆಯಿಲ್: ಬೈಕ್ ಎಂಜಿನ್ ಸೋರಿಕೆ ಬಗ್ಗೆ ಓದುಗರ ಪ್ರಶ್ನೆಗಳು

ಮಳೆ ಕಡಿಮೆಯಾಗಿ ಕಾಫಿ ಕೊಯ್ಲು ಇನ್ನೂ ಶುರುವಾಗದ ಈ ದಿನಗಳಲ್ಲಿ ಕೊಡಗಿನ ಗ್ಯಾರೇಜುಗಳ ಮುಂದೆ ಬೈಕುಗಳ ಸಾಲು ಉದ್ದವಾಗುತ್ತದೆ. ಅಂಕಣಕ್ಕೆ ಈ ಸಲ ಬಂದ ಪತ್ರಗಳಲ್ಲೂ ಆಯಿಲ್ ಸೋರಿಕೆಯದೇ ದೊಡ್ಡ ಪಾಲು. ಉಳಿದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟು ಇದೊಂದನ್ನೇ ಹಿಡಿದಿದ್ದೇವೆ.

ನನ್ನದು 150 ಸಿಸಿ ಬೈಕ್, 48,000 ಕಿ.ಮೀ. ಓಡಿದೆ. ಎಂಜಿನ್ನಿನ ಎಡಗಡೆ ಅಡಿಯಿಂದ ಆಯಿಲ್ ತೊಟ್ಟಿಕ್ಕುತ್ತದೆ. ಮ್ಯಾಗ್ನೆಟ್ ಕವರಿನ ಪ್ಯಾಕಿಂಗ್ (ಗ್ಯಾಸ್ಕೆಟ್) ಎರಡು ಸಲ ಬದಲಾಯಿಸಿಯಾಯಿತು. ಎರಡನೇ ಸಲ ಗಮ್ ಕೂಡ ಧಾರಾಳವಾಗಿ ಹಾಕಿಸಿದೆ. ಒಂದು ವಾರ ಒಣಗಿದ್ದು ಮತ್ತೆ ಶುರು. ಪೂರ್ತಿ ಎಂಜಿನ್ ಬಿಚ್ಚಬೇಕು ಅನ್ನುತ್ತಾರೆ. ಬಿಚ್ಚಿಸಲೇ? (ನಾಪೋಕ್ಲು)

ಈಗಲೇ ಬೇಡ. ಒಂದೇ ಪ್ಯಾಕಿಂಗ್ ಎರಡು ಸಲ ಹಾಕಿಯೂ ಸೋರಿಕೆ ನಿಲ್ಲಲಿಲ್ಲ ಅಂದರೆ ಸೋರುತ್ತಿರುವುದು ಆ ಪ್ಯಾಕಿಂಗ್ ಅಲ್ಲ ಎಂದೇ ಮೊದಲು ಅನುಮಾನಿಸಬೇಕು. ಆಯಿಲ್ ಹೊರಬರುವುದು ಒಂದು ಕಡೆ, ಕಾಣುವುದು ಇನ್ನೊಂದು ಕಡೆ. ಬೈಕ್ ಓಡುವಾಗ ಗಾಳಿ ಅದನ್ನು ಹಿಂದಕ್ಕೆ ತಳ್ಳುತ್ತದೆ, ನಿಂತಾಗ ಅದು ಕೆಳಕ್ಕೆ ಇಳಿಯುತ್ತದೆ. ಸೈಡ್ ಸ್ಟ್ಯಾಂಡ್ ಹಾಕಿದರೆ ಎಡಕ್ಕೆ ಜಾರುತ್ತದೆ. ಹಾಗಾಗಿ ಹೆಡ್ಡಿನ ಬಲಬದಿಯ ಸೋರಿಕೆ ಕೂಡ ಬೆಳಗ್ಗೆ ಎಡಗಡೆ ಅಡಿಯಲ್ಲಿ ತೊಟ್ಟಾಗಿ ಕಾಣಬಹುದು.

ಮೂಲ ಹುಡುಕುವುದಕ್ಕೆ ಅರ್ಧ ದಿನ ಸಾಕು. ಎಂಜಿನ್ ತಣ್ಣಗಿರುವಾಗ ಸೀಮೆಎಣ್ಣೆ ಅಥವಾ ಡಿಗ್ರೀಸರ್ ಹಾಕಿ, ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಫಿನ್ನುಗಳ ಸಂದಿನವರೆಗೂ ತಿಕ್ಕಿ ತೊಳೆಯಿರಿ. ಮುಂದಿನ ಸ್ಪ್ರಾಕೆಟ್ಟಿನ (ಚೈನ್ ಎಳೆಯುವ ಹಲ್ಲುಚಕ್ರ) ಕವರ್ ಬಿಚ್ಚಿ, ಅದರ ಹಿಂದೆ ಗಟ್ಟಿ ಕಟ್ಟಿರುವ ಮಣ್ಣು ಮತ್ತು ಗ್ರೀಸಿನ ಮುದ್ದೆಯನ್ನು ಸ್ಕ್ರೂಡ್ರೈವರಿನಿಂದ ಕೆರೆದು ತೆಗೆಯಿರಿ. ಬಟ್ಟೆಯಲ್ಲಿ ಒರೆಸಿ ಪೂರ್ತಿ ಒಣಗಲು ಬಿಡಿ. ಆಮೇಲೆ ಮುಖಕ್ಕೆ ಹಾಕುವ ಟಾಲ್ಕಂ ಪೌಡರನ್ನು ಎಲ್ಲ ಜೋಡಣೆಗಳ ಮೇಲೂ ತೆಳ್ಳಗೆ ಉದುರಿಸಿ. ಐದು ನಿಮಿಷ ನಿಂತಲ್ಲೇ ಓಡಿಸಿ ನೋಡಿ, ನಂತರ ಹತ್ತು ಕಿ.ಮೀ. ಹೋಗಿ ಬಂದು ನೋಡಿ. ಒದ್ದೆಯಾದ ಪೌಡರಿನಲ್ಲಿ ಅತ್ಯಂತ ಮೇಲೆ, ಅತ್ಯಂತ ಮುಂದೆ ಇರುವ ಕಲೆ ಯಾವುದೋ ಅದೇ ಮೂಲ. ಕೆಳಗಿನ ಕಲೆಗಳೆಲ್ಲ ಅದರ ಹರಿವು. ಒಣ ದಿನ ನೋಡಿ ಮಾಡಿ. ಮಳೆಯಲ್ಲಿ ಈ ಪರೀಕ್ಷೆಗೆ ಅರ್ಥವಿಲ್ಲ.

ನಿಮ್ಮ ಬೈಕಿನ ಲಕ್ಷಣ ನೋಡಿದರೆ ಅನುಮಾನ ಸ್ಪ್ರಾಕೆಟ್ಟಿನ ಹಿಂಭಾಗದ ಮೇಲೆ. ಈ ಗಾತ್ರದ ಹೆಚ್ಚಿನ ಬೈಕುಗಳಲ್ಲಿ ಮ್ಯಾಗ್ನೆಟ್ ಕವರಿನ ಹಿಂದೆಯೇ ಮುಂದಿನ ಸ್ಪ್ರಾಕೆಟ್ ಇರುತ್ತದೆ. ಆ ಒಂದು ಗೇಣು ಜಾಗದಲ್ಲಿ ಸ್ಪ್ರಾಕೆಟ್ ಶಾಫ್ಟಿನ ಆಯಿಲ್ ಸೀಲ್, ಗೇರ್ ಲಿವರ್ ಶಾಫ್ಟಿನ ಸೀಲ್, ನ್ಯೂಟ್ರಲ್ ಸ್ವಿಚ್ಚಿನ ಓ ರಿಂಗ್ ಮೂರೂ ಇರುತ್ತವೆ. ಕೆಲವು ಮಾಡೆಲ್‌ಗಳಲ್ಲಿ ಕ್ಲಚ್ ಪುಶ್‌ರಾಡಿನ ಸಣ್ಣ ಸೀಲೂ ಅಲ್ಲೇ. ಇವುಗಳ ಜೊತೆಗೆ ಮ್ಯಾಗ್ನೆಟ್ ಕಾಯಿಲ್ಲಿನ ವೈರುಗಳು ಹೊರಬರುವ ರಬ್ಬರ್ ಗ್ರೋಮೆಟ್ ಇದೆ. ಇದನ್ನು ಬಹಳ ಜನ ನೋಡುವುದೇ ಇಲ್ಲ. ರಬ್ಬರ್ ಗಟ್ಟಿಯಾಗಿ ಕುಗ್ಗಿದರೆ ಅದರ ಸುತ್ತ ಆಯಿಲ್ ಒಸರುತ್ತದೆ, ನೋಡಿದವರಿಗೆ ಕವರ್ ಪ್ಯಾಕಿಂಗೇ ಹೋಗಿದೆ ಅನ್ನಿಸುತ್ತದೆ. ಗ್ರೋಮೆಟ್ಟಿನ ತೋಡನ್ನು ಥಿನ್ನರಿನಲ್ಲಿ ಒರೆಸಿ, ಅದರ ಸುತ್ತ ಮಾತ್ರ ತೆಳ್ಳಗೆ ಸಿಲಿಕಾನ್ ಗಮ್ ಹಾಕಿ ಕೂರಿಸಿದರೆ ಸಾಕು.

ಸ್ಪ್ರಾಕೆಟ್ ಶಾಫ್ಟಿನ ಸೀಲ್ ನಮ್ಮ ಕಡೆ ಬೇಗ ಹೋಗುವುದಕ್ಕೆ ಎರಡು ಕಾರಣ. ತೋಟದ ದಾರಿಯ ಕೆಂಪು ಮಣ್ಣು ಚೈನಿನ ಜೊತೆ ಒಳಬಂದು ಸೀಲಿನ ತುಟಿಗೆ ತಾಗಿ, ಪ್ರತಿ ಸುತ್ತಿಗೂ ಅದನ್ನು ಅರೆಯುತ್ತದೆ. ಎರಡನೆಯದು ಬಿಗಿ ಚೈನ್. ಹಿಂದೆ ಕಾಫಿ ಚೀಲ ಅಥವಾ ಇನ್ನೊಬ್ಬರು ಕೂತಾಗ ಸಸ್ಪೆನ್ಶನ್ ಇಳಿದು ಚೈನ್ ಇನ್ನೂ ಬಿಗಿಯಾಗುತ್ತದೆ, ಶಾಫ್ಟನ್ನು ಹಿಂದಕ್ಕೆ ಎಳೆಯುತ್ತದೆ. ಬೇರಿಂಗ್ ಸವೆದು ಶಾಫ್ಟ್ ಅಲುಗತೊಡಗಿದರೆ ಎಷ್ಟು ಹೊಸ ಸೀಲ್ ಹಾಕಿದರೂ ತಿಂಗಳು ಬಾಳುವುದಿಲ್ಲ. ಸ್ಪ್ರಾಕೆಟ್ ಹಿಡಿದು ಮೇಲೆ ಕೆಳಗೆ ಅಲುಗಿಸಿ ನೋಡಿ. ಕಣ್ಣಿಗೆ ಕಾಣುವಷ್ಟು ಆಟ ಇದ್ದರೆ ಮಾತ್ರ ಎಂಜಿನ್ ಬಿಚ್ಚುವ ಮಾತು. ಇಲ್ಲದಿದ್ದರೆ ಸೀಲ್ ಬದಲಾಯಿಸಿ, ಚೈನಿನ ನಡುಭಾಗದಲ್ಲಿ ಮ್ಯಾನುವಲ್ಲಿನಲ್ಲಿ ಹೇಳಿದಷ್ಟು ಸಡಿಲ ಇಡಿ. ಹೆಚ್ಚಿನ ಬೈಕುಗಳಿಗೆ ಇದು 20ರಿಂದ 30 ಮಿ.ಮೀ. ಚಕ್ರ ತಿರುಗಿಸುತ್ತ ಚೈನ್ ಅತಿ ಬಿಗಿಯಾಗುವ ಜಾಗದಲ್ಲಿ ಅಳೆಯಬೇಕು.

ಸೀಲಿನ ಅಳತೆ ಅದರ ಮುಖದ ಮೇಲೇ ಬರೆದಿರುತ್ತದೆ: ಒಳ ವ್ಯಾಸ, ಹೊರ ವ್ಯಾಸ, ದಪ್ಪ, ಈ ಕ್ರಮದಲ್ಲಿ. ಹಳೆಯದನ್ನು ಕೀಳುವ ಮುಂಚೆ ಅದು ಹೊರಗಿನಿಂದ ಬರುವ ಮಾದರಿಯೇ, ಅಂಚು ಇದ್ದು ಕೇಸಿನ ಒಳಗೆ ಸಿಕ್ಕಿಕೊಂಡಿರುವ ಮಾದರಿಯೇ ಎಂದು ಅಂಗಡಿಯ ಹೊಸ ಸೀಲ್ ನೋಡಿಯೇ ತಿಳಿದುಕೊಳ್ಳಿ. ಅಂಚಿನದಾದರೆ ಕೇಸ್ ಬಿಡಿಸದೆ ಬರುವುದಿಲ್ಲ, ಎಳೆದರೆ ಕೇಸ್ ಗೀರು ಬೀಳುತ್ತದೆ. ಹೊರಗಿನಿಂದ ಬರುವುದಾದರೆ ಶಾಫ್ಟಿಗೂ ಸೀಲ್ ಕೂರುವ ಗೋಡೆಗೂ ತಾಗದಂತೆ ಕೊಕ್ಕೆಯಿಂದ ಎತ್ತಿ. ಆಮೇಲೆ ಉಗುರಿನಿಂದ ಶಾಫ್ಟನ್ನು ಸವರಿ. ಸೀಲಿನ ತುಟಿ ಓಡಿದ ಜಾಗದಲ್ಲಿ ಉಗುರು ಸಿಕ್ಕುವಂಥ ತೋಡು ಬಿದ್ದಿದ್ದರೆ ಹೊಸ ಸೀಲನ್ನು ಮೊದಲಿನ ಆಳಕ್ಕೇ ಹೊಡೆಯಬಾರದು. ಜಾಗ ಇದ್ದರೆ ಒಂದು ಮಿಲಿಮೀಟರಿನಷ್ಟು ಹೊರಗೆ ನಿಲ್ಲಿಸಿದರೆ ತುಟಿ ಸವೆಯದ ಜಾಗದಲ್ಲಿ ಕೂರುತ್ತದೆ. ಸೀಲ್ ಶಾಫ್ಟಿನ ಬದಲು ಕಾಲರ್ ಮೇಲೆ ಓಡುವ ಎಂಜಿನ್ ಆದರೆ ಕಾಲರನ್ನೇ ಬದಲಿಸಿ, ಅದರೊಳಗಿನ ಸಣ್ಣ ಓ ರಿಂಗನ್ನೂ ಸೇರಿಸಿ. ಹೊರಗಿನ ಸೀಲ್ ಹೊಸದು, ಒಳಗಿನ ಓ ರಿಂಗ್ ಹಳೇದು ಎಂದಾದರೆ ಆಯಿಲ್ ಕಾಲರಿನ ಒಳಗಿನಿಂದ ಬರುತ್ತದೆ.

ಕೂರಿಸುವಾಗ ಸ್ಪ್ರಿಂಗ್ ಇರುವ ಮುಖ ಆಯಿಲ್ ಕಡೆಗಿರಲಿ. ಶಾಫ್ಟಿನ ಹಲ್ಲುಗಳ ಮೇಲೆ ಒಂದು ಸುತ್ತು ಇನ್ಸುಲೇಶನ್ ಟೇಪ್ ಸುತ್ತಿ, ತುಟಿಗೆ ಗ್ರೀಸ್ ಸವರಿ, ಸೀಲಿನ ಹೊರ ವ್ಯಾಸಕ್ಕಿಂತ ಕೂದಲೆಳೆ ಚಿಕ್ಕದಾದ ಸಾಕೆಟ್ ಇಟ್ಟು ನೇರವಾಗಿ ಮೆಲ್ಲಗೆ ತಟ್ಟಿ. ಟೇಪ್ ಇಲ್ಲದೆ ತೂರಿಸಿದ ಸೀಲಿನ ತುಟಿ ಹಲ್ಲಿಗೆ ಸಿಕ್ಕಿ ಸೀಳುತ್ತದೆ. ಹೊಸ ಸೀಲ್ ಹಾಕಿದ ದಿನವೇ ಸೋರುವುದಕ್ಕೆ ಮುಖ್ಯ ಕಾರಣ ಇದೇ.

ಇಷ್ಟಾದರೂ ಸೋರಿದರೆ, ಅಥವಾ ಒಂದು ಕಡೆ ನಿಲ್ಲಿಸಿದರೆ ಇನ್ನೊಂದು ಕಡೆ ಶುರುವಾದರೆ, ಆಗ ಬ್ರೀದರ್ ನೋಡಿ. ವಾಸ್ತವದಲ್ಲಿ ಪಟ್ಟು ಬಿಡದ ಯಾವ ಸೋರಿಕೆಯಲ್ಲೂ ಪ್ಯಾಕಿಂಗ್ ಕೊಳ್ಳುವ ಮುಂಚೆ ನೋಡಬೇಕಾದದ್ದು ಅದನ್ನೇ. 150 ಸಿಸಿಯ ಪಿಸ್ಟನ್ ಕೆಳಗಿಳಿಯುವಾಗಲೆಲ್ಲ ತನ್ನ ಕೆಳಗಿನ 150 ಸಿಸಿ ಗಾಳಿಯನ್ನು ಒತ್ತುತ್ತದೆ. 6,000 ಆರ್‌ಪಿಎಂನಲ್ಲಿ ಇದು ಸೆಕೆಂಡಿಗೆ ನೂರು ಸಲ. ಜೊತೆಗೆ ಪಿಸ್ಟನ್ನಿನ ರಿಂಗುಗಳನ್ನು ದಾಟಿ ಬರುವ ಹೊಗೆಯೂ ಸೇರುತ್ತದೆ. ಇದೆಲ್ಲ ಹೊರಹೋಗುವ ದಾರಿ ಏರ್ ಫಿಲ್ಟರ್ ಡಬ್ಬಿಗೆ ಹೋಗುವ ಆ ಒಂದು ರಬ್ಬರ್ ಪೈಪ್. ಅದು ಮಡಚಿದ್ದರೆ, ಮಣ್ಣು ತುಂಬಿದ್ದರೆ, ಒತ್ತಡ ಅತ್ಯಂತ ದುರ್ಬಲವಾದ ಸೀಲನ್ನು ಹುಡುಕಿಕೊಂಡು ಹೋಗುತ್ತದೆ. ತಿಂಗಳುಗಟ್ಟಲೆ ನಿಂತ ಬೈಕಿನಲ್ಲಿ ತೆರೆದ ಪೈಪಿನ ಬಾಯಿಗೆ ಕಣಜ ಮಣ್ಣಿನ ಗೂಡು ಕಟ್ಟುವುದೂ ಇಲ್ಲಿ ಅಪರೂಪವಲ್ಲ. ಪೈಪ್ ಬಿಚ್ಚಿ ಬಾಯಿಂದ ಊದಿ ನೋಡಿ, ಸಲೀಸಾಗಿ ಹೋಗಬೇಕು. ಎಂಜಿನ್ ಬಿಸಿಯಿರುವಾಗ ಐಡ್ಲಿಂಗಿನಲ್ಲಿ ಬ್ರೀದರ್ ಬಾಯಿಗೆ ಅಂಗೈ ಹಿಡಿಯಿರಿ. ತಟ್ಟಿ ತಟ್ಟಿ ಬರುವ, ಮತ್ತೆ ಒಳಗೆಳೆಯುವ ಗಾಳಿ ಸಹಜ. ಎಡೆಬಿಡದೆ ಹೊಗೆಯೊಂದಿಗೆ ನುಗ್ಗಿದರೆ ರಿಂಗ್ ಅಥವಾ ಬೋರ್ ಹೋಗಿದೆ. ಖಚಿತ ಮಾಡಿಕೊಳ್ಳಲು ಕಂಪ್ರೆಶನ್ ಗೇಜಿನಲ್ಲಿ ಒಮ್ಮೆ ನೋಡಿ, ಪ್ಲಗ್ ತೂತಿನಿಂದ 5 ಮಿ.ಲೀ. ಆಯಿಲ್ ಬಿಟ್ಟು ಇನ್ನೊಮ್ಮೆ ನೋಡಿ. ಎರಡನೇ ಸಲ ಅಂಕಿ ಚೆನ್ನಾಗಿ ಏರಿದರೆ ದೋಷ ರಿಂಗಿನದು. ಅಂಥ ಎಂಜಿನ್ನಿಗೆ ಪ್ಯಾಕಿಂಗ್ ಮೇಲೆ ಪ್ಯಾಕಿಂಗ್ ಹಾಕಿಸುವುದು ದುಡ್ಡು ದಂಡ.

ಇನ್ನೊಂದು ಮಾತು. ಮಳೆಗಾಲದಲ್ಲಿ ಚೈನಿಗೆ ಯಥೇಚ್ಛ ಆಯಿಲ್ ಬಿಡುವ ಅಭ್ಯಾಸ ಇದ್ದರೆ, ತೊಟ್ಟಿಕ್ಕುವುದು ಅದೇ ಇರಬಹುದು. ಬಿಳಿ ಕಾಗದದ ಮೇಲೆ ಒಂದು ತೊಟ್ಟು ಹಿಡಿದು ನೋಡಿ: ಚೈನಿನದು ಕಪ್ಪಗೆ, ಮಣ್ಣು ಬೆರೆತು ಅಂಟಂಟಾಗಿ ಇರುತ್ತದೆ, ಎಂಜಿನ್ನಿನದು ತೆಳ್ಳಗೆ ಹರಡುತ್ತದೆ.

ಡ್ರೈನ್ ಬೋಲ್ಟ್ ಎಷ್ಟು ಬಿಗಿ ಮಾಡಿದರೂ ಸೋರುತ್ತದೆ, ಈಗ ಸುಮ್ಮನೆ ತಿರುಗುತ್ತಿದೆ. ಎಂ-ಸೀಲ್ ಹಾಕಿದರೆ ಆಗುತ್ತದೆಯೇ? (ಸುಂಟಿಕೊಪ್ಪ)

ಕೇಸ್ ಅಲ್ಯೂಮಿನಿಯಂ, ಬೋಲ್ಟ್ ಉಕ್ಕು. ಬಲ ಹೆಚ್ಚಾದಾಗ ಮೊದಲು ಸೋಲುವುದು ಕೇಸಿನ ಮರೆ (ಥ್ರೆಡ್). ಸೋರುತ್ತದೆಂದು ಬಿಗಿ ಮಾಡುತ್ತ ಹೋದದ್ದೇ ಮರೆ ಕಿತ್ತುಬರಲು ಕಾರಣ. ಅಲ್ಲಿ ಆಯಿಲ್ ತಡೆಯುವುದು ಬಿಗಿ ಅಲ್ಲ, ವಾಷರ್. ತಾಮ್ರದ ಅಥವಾ ಅಲ್ಯೂಮಿನಿಯಂ ವಾಷರ್ ಒಮ್ಮೆ ಒತ್ತಿದ ಮೇಲೆ ಮತ್ತೆ ಸರಿಯಾಗಿ ಕೂರುವುದಿಲ್ಲ, ಆಯಿಲ್ ಬದಲಿಸುವಾಗಲೆಲ್ಲ ಹೊಸದು ಹಾಕಬೇಕು. ತಾಮ್ರದ್ದನ್ನು ಕೆಂಪಗೆ ಕಾಯಿಸಿ ಆರಿಸಿದರೆ ಮತ್ತೆ ಮೆದುವಾಗುತ್ತದೆ, ಅಲ್ಯೂಮಿನಿಯಂಗೆ ಆ ಪ್ರಯೋಗ ಬೇಡ. 12 ಮಿ.ಮೀ. ಮರೆಯ ಡ್ರೈನ್ ಬೋಲ್ಟಿಗೆ 25ರಿಂದ 30 ನ್ಯೂಟನ್ ಮೀಟರ್ ಧಾರಾಳ. ಚಿಕ್ಕ ಸ್ಪ್ಯಾನರಿನಲ್ಲಿ ಒಂದು ಕೈಯ ಬಿಗಿ ಅಷ್ಟೇ. ಉದ್ದದ ಪೈಪ್ ಸಿಕ್ಕಿಸಿ ತಿರುಗಿಸುವ ಕೆಲಸ ಅಲ್ಲ.

ಎಂ-ಸೀಲ್ ಮನೆ ತಲುಪುವುದಕ್ಕೆ ಆದೀತು, ಅದೂ ಆಯಿಲ್ ಪೂರ್ತಿ ಇಳಿಸಿ ಜಾಗವನ್ನು ಪೆಟ್ರೋಲಿನಲ್ಲಿ ಒರೆಸಿ ಒಣಗಿಸಿದ್ದರೆ. ಆಯಿಲ್ ಒಸರುವ ಲೋಹಕ್ಕೆ ಅದು ಹಿಡಿಯುವುದೇ ಇಲ್ಲ. ಸರಿಯಾದ ಪರಿಹಾರ ಲೇತ್ ಅಂಗಡಿಯಲ್ಲಿ ಹೆಲಿಕಾಯಿಲ್ ಹಾಕಿಸುವುದು: ಹಾಳಾದ ಮರೆಯನ್ನು ಸ್ವಲ್ಪ ದೊಡ್ಡದಾಗಿ ಕೊರೆದು, ಹೊಸ ಮರೆ ಹಾಕಿ, ಉಕ್ಕಿನ ಸುರುಳಿ ಕೂರಿಸುತ್ತಾರೆ. ಹಳೇ ಬೋಲ್ಟೇ ನಡೆಯುತ್ತದೆ. ಕೊರೆಯುವಾಗ ಬಿಟ್ಟಿಗೂ ಟ್ಯಾಪಿಗೂ ಗ್ರೀಸ್ ಹಚ್ಚಿಸಿ, ಚೂರುಗಳು ಅದಕ್ಕೆ ಅಂಟಿಕೊಂಡು ಹೊರಬರುತ್ತವೆ. ಆಮೇಲೆ ಬೋಲ್ಟ್ ಹಾಕುವ ಮುಂಚೆ ಅರ್ಧ ಲೀಟರ್ ಅಗ್ಗದ ಆಯಿಲ್ ಮೇಲಿನಿಂದ ಸುರಿದು ಕೆಳಗೆ ಹರಿಸಿಬಿಡಿ. ಅಲ್ಯೂಮಿನಿಯಂ ಚೂರು ಒಳಗುಳಿದರೆ ಆಯಿಲ್ ಪಂಪಿನ ದಾರಿ ಹಿಡಿಯುತ್ತದೆ. ಬೋಲ್ಟಿಗೆ ಟೆಫ್ಲಾನ್ ಟೇಪ್ ಸುತ್ತುವುದನ್ನು ನಾವು ಒಪ್ಪುವುದಿಲ್ಲ. ನಲ್ಲಿಯ ಪೈಪಿಗೆ ಸರಿ, ಎಂಜಿನ್ನಿನಲ್ಲಿ ಅದರ ಎಳೆ ಹರಿದು ಪಂಪಿನ ಜಾಲರಿಗೆ ಸಿಕ್ಕುತ್ತದೆ.

ಕವರ್ ಪ್ಯಾಕಿಂಗ್ ನಾವೇ ಹಾಕಿಕೊಳ್ಳುತ್ತೇವೆ. ಮಳೆಗಾಲದ ತೇವಕ್ಕೆ ಗಮ್ ಒಣಗುವುದಿಲ್ಲ ಅನ್ನುತ್ತಾರೆ, ನಿಜವೇ? ಗಮ್ ಎಷ್ಟು ಹಾಕಬೇಕು? ಹಳೇ ಕ್ಯಾಲೆಂಡರ್ ರಟ್ಟಿನಲ್ಲಿ ಪ್ಯಾಕಿಂಗ್ ಕತ್ತರಿಸಬಹುದೇ? (ಸೋಮವಾರಪೇಟೆ)

ಮೊದಲನೆಯದು ತಪ್ಪು ತಿಳಿವಳಿಕೆ. ಟ್ಯೂಬಿನಲ್ಲಿ ಬರುವ ಬೂದು ಬಣ್ಣದ ಸಿಲಿಕಾನ್ ಗಮ್ ಗಟ್ಟಿಯಾಗುವುದೇ ಗಾಳಿಯ ತೇವ ಹೀರಿಕೊಂಡು. ಜುಲೈ ತಿಂಗಳ ಗಾಳಿ ಅದಕ್ಕೆ ಒಳ್ಳೆಯದೇ. ನಿಧಾನ ಮಾಡುವುದು ಚಳಿ. ಮತ್ತೊಂದು ತೊಂದರೆ, ತಣ್ಣಗಿನ ಲೋಹದ ಮೇಲೆ ಕಣ್ಣಿಗೆ ಕಾಣದಂತೆ ಕೂತ ನೀರಿನ ಪಸೆ. ಗಮ್ ಆ ಪಸೆಗೆ ಅಂಟುತ್ತದೆ, ಲೋಹಕ್ಕೆ ಅಂಟುವುದಿಲ್ಲ. ಕವರನ್ನು ಹೇರ್ ಡ್ರೈಯರಿನಿಂದಲೋ ಒಲೆಯ ಪಕ್ಕ ಇಟ್ಟೋ ಕೈಗೆ ಬೆಚ್ಚಗಾಗುವಷ್ಟು ಕಾಯಿಸಿ, ಥಿನ್ನರಿನಲ್ಲಿ ಒರೆಸಿ, ತಕ್ಷಣ ಗಮ್ ಹಚ್ಚಿ. ಥಿನ್ನರ್ ಡಬ್ಬಿ ಒಲೆಯಿಂದ ದೂರ ಇರಲಿ ಎಂದು ಬೇರೆ ಹೇಳಬೇಕಿಲ್ಲ.

ಪ್ರಮಾಣ: ಒಂದೂವರೆಯಿಂದ ಎರಡು ಮಿ.ಮೀ. ದಪ್ಪದ ಒಂದೇ ಎಳೆ, ಬೋಲ್ಟ್ ತೂತುಗಳ ಒಳಬದಿಯಿಂದ ಸುತ್ತು ಬರುವಂತೆ, ಎಲ್ಲೂ ತುಂಡಾಗದೆ. ಕವರ್ ಬೇಗ ಕೂರಿಸಿ ಬೋಲ್ಟುಗಳನ್ನು ಬೆರಳ ಬಿಗಿಗೆ ತಂದು ಅರ್ಧ ಗಂಟೆ ಬಿಡಿ, ಆಮೇಲೆ ಪೂರ್ತಿ ಬಿಗಿ ಮಾಡಿ. 24 ಗಂಟೆ ಕಳೆದ ಮೇಲೆ ಆಯಿಲ್ ತುಂಬಿ ಓಡಿಸಿ. ಹೊರಗೆ ಹಿಂಡಿ ಬಂದದ್ದು ಕಣ್ಣಿಗೆ ಕಾಣುತ್ತದೆ, ಅಷ್ಟೇ ಒಳಕ್ಕೂ ಹಿಂಡಿರುತ್ತದೆ ಎಂಬುದು ನೆನಪಿರಲಿ. ಒಳಗಿನ ಆ ಎಳೆ ಕಳಚಿ ಪಂಪಿನ ಜಾಲರಿ ಮುಚ್ಚಿದರೆ ಕ್ಯಾಮ್ ಒಣಗಿ ಸುಡುತ್ತದೆ. 'ಧಾರಾಳ ಗಮ್' ಹಾಕುವವರ ಕೈಗೆ ಎಂಜಿನ್ ಕೊಡಬೇಡಿ. ಕಾಗದದ ಪ್ಯಾಕಿಂಗ್ ಇರುವ ಜಾಗಕ್ಕೆ ಗಮ್ ಬೇಕಾಗಿಯೇ ಇಲ್ಲ, ಎರಡು ಕೇಸುಗಳ ಜೋಡಣೆ ಕವರನ್ನು ಸೇರುವ ಮೂಲೆಗಳಲ್ಲಿ ಮಾತ್ರ ಒಂದು ಚುಕ್ಕೆ. ಹೆಡ್ ಪ್ಯಾಕಿಂಗಿಗೆ ಯಾವ ಕಾಲಕ್ಕೂ ಗಮ್ ಇಲ್ಲ.

ಹಳೇ ಪ್ಯಾಕಿಂಗ್ ಕೆರೆಯಲು ಬ್ಲೇಡ್ ಬಳಸುವವರೇ ಹೆಚ್ಚು. ಅಲ್ಯೂಮಿನಿಯಂ ಮೇಲೆ ಬ್ಲೇಡಿನ ಒಂದು ಅಡ್ಡ ಗೀರು ಸಾಕು, ಅದೇ ಆಯಿಲ್ಲಿಗೆ ಕಾಲುವೆ. ಥಿನ್ನರ್ ಹಚ್ಚಿ ಹತ್ತು ನಿಮಿಷ ನೆನೆಸಿ, ಗಟ್ಟಿ ಪ್ಲಾಸ್ಟಿಕ್ ತುಂಡಿನಿಂದ ಕೆರೆಯಿರಿ. ಕವರ್ ಸೊಟ್ಟಗಾಗಿದೆಯೇ ನೋಡಲು ದಪ್ಪ ಕನ್ನಡಿ ಗಾಜಿನ ಮೇಲೆ ಬೋರಲು ಇಟ್ಟು ಸುತ್ತಲೂ 0.05 ಮಿ.ಮೀ. ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ತೂರಿಸಿ ನೋಡಿ. ಎಲ್ಲಾದರೂ ಒಳಹೋದರೆ, ಅದೇ ಗಾಜಿನ ಮೇಲೆ 400 ನಂಬರಿನ ಎಮರಿ ಪೇಪರ್ ಹಾಸಿ ಒಂದೆರಡು ಹನಿ ಆಯಿಲ್ ಬಿಟ್ಟು, ಕವರನ್ನು ಎಂಟರ ಆಕಾರದಲ್ಲಿ ಉಜ್ಜಿ. ಮುಖ ಪೂರ್ತಿ ಒಂದೇ ಬಣ್ಣಕ್ಕೆ ಬಂದಾಗ ನಿಲ್ಲಿಸಿ.

6 ಮಿ.ಮೀ. ಮರೆಯ ಕವರ್ ಬೋಲ್ಟಿಗೆ 10 ನ್ಯೂಟನ್ ಮೀಟರ್ ಸಾಕು. ಎದುರುಬದುರಿನ ಕ್ರಮದಲ್ಲಿ, ಎರಡು ಮೂರು ಸುತ್ತಿನಲ್ಲಿ ಬಿಗಿ ಮಾಡಿ. ತೂತಿನ ತಳದಲ್ಲಿ ಆಯಿಲ್ ನಿಂತಿದ್ದರೆ ಬೋಲ್ಟ್ ಅದನ್ನು ಒತ್ತಿ ಕೇಸ್ ಬಿರಿಯುವುದುಂಟು, ಮೊದಲು ಬಟ್ಟೆಯ ಬತ್ತಿ ಹಾಕಿ ಒರೆಸಿ. ಬೋಲ್ಟುಗಳ ಉದ್ದ ಬೇರೆ ಬೇರೆ ಇರುತ್ತದೆ. ರಟ್ಟಿನ ಮೇಲೆ ಕವರಿನ ಆಕಾರ ಗೀಚಿ, ಬಿಚ್ಚಿದ್ದನ್ನು ಅಲ್ಲಲ್ಲೇ ಚುಚ್ಚಿಡಿ. ಉದ್ದದ ಬೋಲ್ಟ್ ಗಿಡ್ಡ ತೂತಿಗೆ ಹೋದರೆ ಬಿಗಿಯಾದಂತೆ ಕಾಣುತ್ತದೆ, ಕವರ್ ಮಾತ್ರ ಕೂತಿರುವುದಿಲ್ಲ.

ಕ್ಯಾಲೆಂಡರ್ ರಟ್ಟು ಬೇಡ, ಆಯಿಲ್ ಹೀರಿ ಊದಿಕೊಂಡು ಹರಿಯುತ್ತದೆ. ಆಟೊಮೊಬೈಲ್ ಅಂಗಡಿಯಲ್ಲಿ ಪ್ಯಾಕಿಂಗ್ ಹಾಳೆ 0.5 ಮಿ.ಮೀ. ಅಥವಾ 0.8 ಮಿ.ಮೀ. ದಪ್ಪದಲ್ಲಿ ಸಿಗುತ್ತದೆ. ಪಕ್ಕದ ಕವರುಗಳಿಗೆ ಅದರಲ್ಲಿ ಕತ್ತರಿಸಿ, ಹಳೆಯದರ ದಪ್ಪವನ್ನೇ ಅನುಸರಿಸಿ. ಬ್ಲಾಕಿನ ಅಡಿಯ ಪ್ಯಾಕಿಂಗನ್ನು ಮಾತ್ರ ಕಂಪನಿ ದಪ್ಪದ್ದೇ ತನ್ನಿ. ಅಲ್ಲಿ ದಪ್ಪ ಹೆಚ್ಚಿದರೆ ಬ್ಲಾಕ್ ಮೇಲೇರಿ ಕಂಪ್ರೆಶನ್ ಇಳಿಯುತ್ತದೆ, ಪುಶ್‌ರಾಡ್ ಇರುವ ಎಂಜಿನ್ನಿನಲ್ಲಿ ಟ್ಯಾಪೆಟ್ ಗ್ಯಾಪೂ ಬದಲಾಗುತ್ತದೆ.

1998ರ ಬುಲೆಟ್, ಹಳೇ ಎರಕದ ಎಂಜಿನ್. ಮಳೆಗಾಲ ಪೂರ್ತಿ ಶೆಡ್ಡಿನಲ್ಲಿತ್ತು. ಡಿಪ್ ಸ್ಟಿಕ್ಕಿನಲ್ಲಿ ಆಯಿಲ್ ಕಾಣಲಿಲ್ಲವೆಂದು ಒಂದು ಲೀಟರ್ ಹಾಕಿ ಸ್ಟಾರ್ಟ್ ಮಾಡಿದರೆ ಬ್ರೀದರ್ ಪೈಪಿನಿಂದ ಆಯಿಲ್ ಕಾರಿತು. ಚೈನ್‌ಕೇಸಿನ ಸುತ್ತಲೂ ಸೋರುತ್ತಿದೆ. (ಪೊನ್ನಂಪೇಟೆ)

ಹಾಕಿದ ಒಂದು ಲೀಟರೇ ಹೊರಬಂದದ್ದು. ಈ ಎಂಜಿನ್ನಿನಲ್ಲಿ ಆಯಿಲ್ ಟ್ಯಾಂಕ್ ಕ್ರ್ಯಾಂಕ್‌ಕೇಸಿನ ಎರಕದಲ್ಲೇ ಒಂದು ಪ್ರತ್ಯೇಕ ಕೋಣೆ. ಒಂದು ಪಂಪ್ ಅಲ್ಲಿಂದ ಆಯಿಲ್ ಕಳುಹಿಸುತ್ತದೆ, ಅದಕ್ಕಿಂತ ದೊಡ್ಡ ಇನ್ನೊಂದು ಪಂಪ್ ವಾಪಸ್ ತರುತ್ತದೆ. ವಾರಗಟ್ಟಲೆ ನಿಂತಾಗ ಟ್ಯಾಂಕಿನ ಆಯಿಲ್ ಪಂಪಿನ ಸಂದಿನಿಂದ ಮೆಲ್ಲಗೆ ಕ್ರ್ಯಾಂಕಿನ ಕಡೆಗೆ ಇಳಿಯುತ್ತದೆ. ಡಿಪ್ ಸ್ಟಿಕ್ ಖಾಲಿ ತೋರಿಸುತ್ತದೆ, ಆಯಿಲ್ ಎಲ್ಲೂ ಹೋಗಿರುವುದಿಲ್ಲ. ಮುಂದೆ ಹೀಗೆ ಮಾಡಿ: ದೀರ್ಘ ಕಾಲ ನಿಂತ ಗಾಡಿಯಲ್ಲಿ ಕ್ರ್ಯಾಂಕ್‌ಕೇಸಿನ ಡ್ರೈನ್ ಪ್ಲಗ್ ಬಿಚ್ಚಿ ಶುದ್ಧ ಪಾತ್ರೆಗೆ ಇಳಿಸಿ, ಎಷ್ಟು ಬಂತೆಂದು ಅಳೆಯಿರಿ. ಆಯಿಲ್ ಚೆನ್ನಾಗಿದ್ದರೆ ಅಷ್ಟನ್ನೇ ಟ್ಯಾಂಕಿಗೆ ಸುರಿದು ಸ್ಟಾರ್ಟ್ ಮಾಡಿ, ಕೆಲವು ನಿಮಿಷ ಓಡಿದ ಮೇಲೆ ಮಟ್ಟ ನೋಡಿ. ತಿಂಗಳು ನಿಂತು ಇಳಿದರೆ ಚಿಂತೆ ಬೇಡ. ಒಂದೇ ರಾತ್ರಿಯಲ್ಲಿ ಇಳಿಯುತ್ತಿದ್ದರೆ ಪಂಪ್ ಸವೆದಿದೆ, ಟೈಮಿಂಗ್ ಕವರ್ ಬಿಚ್ಚಿ ನೋಡಿಸಿ. ಬ್ರೀದರಿನ ತುದಿಯಲ್ಲಿ ಸೀಳು ಇರುವ ರಬ್ಬರ್ ವಾಲ್ವ್ ಇದೆಯೇ, ಮೆತ್ತಗಿದೆಯೇ ಪರೀಕ್ಷಿಸಿ. ಅಂಗಡಿಯಲ್ಲಿ ಡಕ್‌ಬಿಲ್ ಎಂದು ಕೇಳಿ. ಗಟ್ಟಿಯಾಗಿ ಬಾಯಿ ಬಿಟ್ಟುಕೊಂಡಿದ್ದರೆ ಅದು ಹೊರಗಿನ ಗಾಳಿಯನ್ನು ವಾಪಸ್ ಒಳಗೆ ಬಿಡುತ್ತದೆ, ಒಳಗೆ ಒತ್ತಡ ನಿಂತು ರಾಕರ್ ಕವರಿನಿಂದ ಹಿಡಿದು ಎಲ್ಲ ಕಡೆ ಒಸರು ಶುರುವಾಗುತ್ತದೆ. ಬೆಲೆ ತೀರಾ ಕಡಿಮೆ, ಬದಲಾಯಿಸಿಬಿಡಿ.

ಎಂಜಿನ್ನಿನಿಂದ ಕ್ಲಚ್ಚಿಗೆ ಹೋಗುವ ಚೈನಿನ ಡಬ್ಬಿ, ಅಂದರೆ ಚೈನ್‌ಕೇಸಿನದು ಬೇರೆ ಕಥೆ. ಕವರ್ ನಿಲ್ಲುವುದು ನಡುವಿನ ಒಂದೇ ನಟ್ಟಿನ ಮೇಲೆ, ಸೋರುತ್ತದೆಂದು ಅದನ್ನು ಬಿಗಿದಷ್ಟೂ ಕವರ್ ನಡುವೆ ತಗ್ಗಿ ಅಂಚು ಮೇಲೇಳುತ್ತದೆ. ರಬ್ಬರ್ ಸೀಲ್ ಹೊಸದು ಹಾಕಿ, ಅದು ಕೂರುವ ತೋಡನ್ನು ಶುಚಿ ಮಾಡಿ, ನಟ್ಟಿನ ಹಿಂದಿನ ವಾಷರನ್ನೂ ಬದಲಿಸಿ ಹದವಾಗಿ ಬಿಗಿ ಮಾಡಿ. ಆಯಿಲ್ ಸುಮಾರು 420 ಮಿ.ಲೀ. ಗಾಡಿಯನ್ನು ಸೆಂಟರ್ ಸ್ಟ್ಯಾಂಡಿನಲ್ಲಿ ನಿಲ್ಲಿಸಿ, ಲೆವೆಲ್ ಸ್ಕ್ರೂ ತೂತಿನಿಂದ ಒಸರತೊಡಗಿದಾಗ ನಿಲ್ಲಿಸಿ. ಕೆಲವು ದಿನ ಓಡಿಸಿ ಅದೇ ಸ್ಕ್ರೂ ಮತ್ತೆ ಬಿಚ್ಚಿ ನೋಡಿ. ಮಟ್ಟ ಏರಿ ಹೆಚ್ಚುವರಿ ಆಯಿಲ್ ಹರಿದುಬಂದರೆ ಕ್ರ್ಯಾಂಕ್ ಶಾಫ್ಟಿನ ಆ ಬದಿಯ ಸೀಲ್ ಹೋಗಿದೆ, ಎಂಜಿನ್ ಆಯಿಲ್ ಚೈನ್‌ಕೇಸಿಗೆ ಬರುತ್ತಿದೆ. ಕ್ಲಚ್ ಜಾರುವುದು ಅದರ ಮುಂದಿನ ಲಕ್ಷಣ.

ನನ್ನ ಕಾರ್ಬರೇಟರ್ ಬೈಕಿನಲ್ಲಿ ಆಯಿಲ್ ಹಾಕದೆಯೇ ಮಟ್ಟ ಏರುತ್ತಿದೆ, ಎಲ್ಲ ಕಡೆ ಒಸರುತ್ತಿದೆ. ಮನೆ ಇಳಿಜಾರಿನಲ್ಲಿದೆ, ಅಂಗಳದಲ್ಲಿ ಸಮತಟ್ಟು ಜಾಗವಿಲ್ಲ. (ಮಾದಾಪುರ)

ಡಿಪ್ ಸ್ಟಿಕ್ ಮೂಸಿ ನೋಡಿ. ಪೆಟ್ರೋಲ್ ವಾಸನೆ ಬಂದರೆ ಓಡಿಸಬೇಡಿ. ಕಾರ್ಬರೇಟರಿಗೆ ಪೆಟ್ರೋಲ್ ತಡೆಯುವ ಫ್ಲೋಟ್ ನೀಡಲ್ ಕಸ ಸಿಕ್ಕಿ ಮುಚ್ಚದಿದ್ದರೆ, ರಾತ್ರಿಯಿಡೀ ಪೆಟ್ರೋಲ್ ಕಾಕ್ ತೆರೆದಿದ್ದರೆ, ಪೆಟ್ರೋಲ್ ಇನ್‌ಲೆಟ್ ದಾಟಿ ರಿಂಗುಗಳ ಪಕ್ಕದಿಂದ ಎಂಜಿನ್ನಿಗೆ ಇಳಿಯುತ್ತದೆ. ಬೈಕ್ ಇಳಿಜಾರಿನಲ್ಲಿ ಓರೆಯಾಗಿ ನಿಂತರೆ ಓವರ್‌ಫ್ಲೋ ಪೈಪೂ ಕೆಲಸ ಮಾಡದೆ ಹೋಗಬಹುದು. ಆಯಿಲ್ ನೀರಿನಂತೆ ತೆಳುವಾಗಿ ಎಲ್ಲ ಸೀಲುಗಳಿಂದಲೂ ಹೊರಬರುತ್ತದೆ, ಬೇರಿಂಗಿಗೆ ಪದರ ನಿಲ್ಲುವುದಿಲ್ಲ. ಕಾರ್ಬರೇಟರ್ ಬಿಚ್ಚಿ ನೀಡಲ್ ಮತ್ತು ಅದರ ಸೀಟ್ ಬದಲಿಸಿ, ಕಾಕ್ ಮುಚ್ಚಿ ನಿಲ್ಲಿಸುವ ಅಭ್ಯಾಸ ಮಾಡಿ, ಆಯಿಲ್ ಪೂರ್ತಿ ಬದಲಾಯಿಸಿ. ಒಂದೆರಡು ದಿನ ಓಡಿದ ಮೇಲೆ ಮತ್ತೊಮ್ಮೆ ಮೂಸಿ.

ವಾಸನೆ ಇಲ್ಲದೆ ಆಯಿಲ್ ಹಾಲು ಬೆರೆಸಿದ ಕಾಫಿ ಬಣ್ಣಕ್ಕೆ ತಿರುಗಿದ್ದರೆ ಅದು ನೀರು. ಮಳೆಗಾಲದಲ್ಲಿ ಎಂಜಿನ್ ಪೂರ್ತಿ ಬಿಸಿಯಾಗುವ ಮುಂಚೆಯೇ ಆಫ್ ಮಾಡುವ ಎರಡು ಮೂರು ಕಿ.ಮೀ. ಓಡಾಟದಲ್ಲಿ ಒಳಗಿನ ಆವಿ ಅಲ್ಲೇ ನೀರಾಗುತ್ತದೆ. ಆಯಿಲ್ ಬದಲಿಸಿ, ವಾರಕ್ಕೊಮ್ಮೆ ಅರ್ಧ ಗಂಟೆ ಎಡೆಬಿಡದೆ ಓಡಿಸಿ. ಬಹಳ ಬೇಗ ಮತ್ತೆ ಹಾಗಾದರೆ ಬ್ರೀದರಿನಿಂದಲೋ ಫಿಲ್ಲರ್ ಕ್ಯಾಪಿನ ಓ ರಿಂಗಿನಿಂದಲೋ ನೀರು ಇಳಿಯುತ್ತಿದೆ. ಪ್ರೆಶರ್ ವಾಷ್ ಮಾಡಿಸುವಾಗ ಆ ಎರಡು ಕಡೆಗೆ ನೇರ ಹೊಡೆಸಬೇಡಿ. ಮಟ್ಟ ನೋಡುವಾಗ ಬೈಕನ್ನು ರಸ್ತೆಯಲ್ಲಾದರೂ ಸರಿ, ಸಮ ಜಾಗದಲ್ಲಿ ನೆಟ್ಟಗೆ ನಿಲ್ಲಿಸಿ. ಇಳಿಜಾರಿನಲ್ಲಿ ನೋಡಿ ಹೆಚ್ಚುವರಿ ಸುರಿದದ್ದೂ ಮಟ್ಟ ಏರಲು ಕಾರಣವಿರಬಹುದು.

ಆರ್‌ಎಕ್ಸ್ 100. ಹೊರಗೆ ಎಲ್ಲೂ ಸೋರುವುದಿಲ್ಲ, ಗೇರ್ ಆಯಿಲ್ ಮಾತ್ರ ಕಡಿಮೆಯಾಗುತ್ತಿದೆ. ಬಿಳಿ ಹೊಗೆ ಹೆಚ್ಚು. ಪೆಟ್ರೋಲಿನ ಜೊತೆ ಸೇರುವ 2ಟಿ ಆಯಿಲ್ ಕಡಿಮೆ ಮಾಡಲೇ? (ಗೋಣಿಕೊಪ್ಪಲು)

ಖಂಡಿತ ಬೇಡ, ಪಿಸ್ಟನ್ ಹಿಡಿಯುತ್ತದೆ. ಸೋರಿಕೆ ಒಳಗೇ ಇದೆ. ಟೂ ಸ್ಟ್ರೋಕಿನಲ್ಲಿ ಕ್ರ್ಯಾಂಕ್‌ಕೇಸ್ ಗಾಳಿಯನ್ನು ಒಳಗೆಳೆಯುವ ಕೋಣೆ. ಕ್ಲಚ್ ಬದಿಯ ಕ್ರ್ಯಾಂಕ್ ಸೀಲ್ ಗಟ್ಟಿಯಾದರೆ ಪ್ರತಿ ಎಳೆತಕ್ಕೂ ಗೇರ್ ಆಯಿಲ್ ಒಳಗೆ ಬಂದು ಉರಿಯುತ್ತದೆ. ಈ ಬೈಕಿನ ತಯಾರಿಕೆ 1996ಕ್ಕೆ ನಿಂತಿತು, ಎಂಜಿನ್ ಬಿಚ್ಚದೇ ಉಳಿದ ಗಾಡಿಯಾದರೆ ಸೀಲುಗಳ ವಯಸ್ಸು ನೀವೇ ಲೆಕ್ಕ ಹಾಕಿ. ಗೇರ್ ಆಯಿಲ್ ಅಳೆದು ಹಾಕಿ, 500 ಕಿ.ಮೀ. ಆದ ಮೇಲೆ ಇಳಿಸಿ ಅಳೆಯಿರಿ. ಹೊರಗೆ ಒಣಗಿದ್ದೂ 50 ಮಿ.ಲೀ.ಗಿಂತ ಹೆಚ್ಚು ಕಡಿಮೆಯಾಗಿದ್ದರೆ ಅನುಮಾನ ಬೇಡ. ಒಂದು ಬದಿ ಹೋದರೆ ಇನ್ನೊಂದೂ ಹೋಗುವ ಹೊತ್ತಿಗೆ ಬಂದಿರುತ್ತದೆ, ಎರಡನ್ನೂ ಹಾಕಿಸಿ. ಮ್ಯಾಗ್ನೆಟ್ ಬದಿಯದು ಹೆಚ್ಚು ಅಪಾಯ: ಅಲ್ಲಿ ಆಯಿಲ್ ಬದಲು ಗಾಳಿ ಒಳಬರುತ್ತದೆ, ಮಿಶ್ರಣದಲ್ಲಿ ಪೆಟ್ರೋಲ್ ಪಾಲು ಕಡಿಮೆಯಾಗುತ್ತದೆ, ಆಕ್ಸಿಲರೇಟರ್ ಬಿಟ್ಟರೂ ಆರ್‌ಪಿಎಂ ಇಳಿಯುವುದಿಲ್ಲ, ಪ್ಲಗ್ ಬೆಳ್ಳಗಾಗುತ್ತದೆ. ಮ್ಯಾಗ್ನೆಟ್ ತೆಗೆಯಲು ಅದರದೇ ಪುಲ್ಲರ್ ಬೇಕು. ಸುತ್ತಿಗೆ ಏಟು ಬಿದ್ದರೆ ಕ್ರ್ಯಾಂಕ್ ಅಲೈನ್‌ಮೆಂಟ್ ಹೋಗುತ್ತದೆ.

ಸೋರಿಕೆ ನಿಲ್ಲಿಸುವ ದ್ರವ ಸಿಗುತ್ತದಂತೆ. ಅಥವಾ ದಪ್ಪ ಆಯಿಲ್ ಹಾಕಿದರೆ ಸಾಲದೇ? (ಕುಶಾಲನಗರ)

ಆ ದ್ರವಗಳು ಗಟ್ಟಿಯಾದ ರಬ್ಬರನ್ನು ಸ್ವಲ್ಪ ಮೆತ್ತಗೆ ಮಾಡಿ ಊದಿಸುತ್ತವೆ. ಹರಿದ ಸೀಲಿಗೆ, ಕಾಗದದ ಪ್ಯಾಕಿಂಗಿಗೆ, ತೋಡು ಬಿದ್ದ ಶಾಫ್ಟಿಗೆ ಅವುಗಳಿಂದ ಏನೂ ಆಗುವುದಿಲ್ಲ. ಬೈಕಿನ ಕ್ಲಚ್ ಪ್ಲೇಟುಗಳು ಅದೇ ಆಯಿಲ್ಲಿನಲ್ಲಿ ಮುಳುಗಿರುತ್ತವೆ, ಕಾರಿಗೆಂದು ಮಾಡಿದ ದ್ರವ ಹಾಕಿದರೆ ಕ್ಲಚ್ ಜಾರುವ ಸಾಧ್ಯತೆ ಇದೆ. 10ಡಬ್ಲ್ಯು30 ಹೇಳಿದ ಎಂಜಿನ್ನಿಗೆ 20ಡಬ್ಲ್ಯು50 ಹಾಕಿದರೆ ತೊಟ್ಟು ಕಡಿಮೆಯಾದಂತೆ ಕಾಣುತ್ತದೆ, ಚಳಿಯ ಬೆಳಗ್ಗೆ ಆಯಿಲ್ ಮೇಲಿನ ಕ್ಯಾಮ್ ತಲುಪುವುದು ತಡವಾಗುತ್ತದೆ. ಡಬ್ಬಿಯ ಮೇಲೆ ಜಾಸೋ ಎಂಎ ಅಥವಾ ಎಂಎ2 ಗುರುತು (ಆಯಿಲ್ಲಿನಲ್ಲಿ ಮುಳುಗಿರುವ ಕ್ಲಚ್ಚಿಗೆ ಹೊಂದುತ್ತದೆ ಎಂದು ಅರ್ಥ) ಇದೆಯೇ ನೋಡಿ, ಮ್ಯಾನುವಲ್ ಹೇಳಿದ ಗ್ರೇಡನ್ನೇ ಹಾಕಿ.

ಎಂಜಿನ್ ಅಲ್ಲ, ಮುಂದಿನ ಫೋರ್ಕಿನಿಂದ ಆಯಿಲ್ ಬರುತ್ತಿದೆ. ಸೀಲ್ ಹಾಕಿಸಿ ತಿಂಗಳೂ ಆಗಿಲ್ಲ. (ಕುಟ್ಟ)

ಫೋರ್ಕ್ ಪೈಪಿನ ಮೇಲೆ ಉಗುರು ಸವರಿ. ತುಕ್ಕಿನ ಚುಕ್ಕಿ ಸಿಕ್ಕಿದರೆ ಅದೇ ಹೊಸ ಸೀಲನ್ನು ಹರಿದದ್ದು. ಸೀಲ್ ಓಡಾಡುವ ಭಾಗದಲ್ಲಿ ಆಳದ ಚುಕ್ಕಿಗಳಿದ್ದರೆ ಪೈಪಿಗೆ ಮತ್ತೆ ಹಾರ್ಡ್ ಕ್ರೋಮ್ ಮಾಡಿಸಬೇಕು ಅಥವಾ ಹೊಸ ಪೈಪ್ ಹಾಕಬೇಕು. ಪೈಪ್ ನುಣ್ಣಗಿದ್ದರೆ ಮಣ್ಣು ಸಿಕ್ಕಿರಬಹುದು: ಮೇಲಿನ ಡಸ್ಟ್ ಸೀಲ್ ಎತ್ತಿ, ಹಳೇ ಎಕ್ಸ್‌ರೇ ಫಿಲ್ಮಿನ ಪಟ್ಟಿಯನ್ನು ಸೀಲಿನ ತುಟಿಯ ಕೆಳಗೆ ತೂರಿಸಿ ಸುತ್ತಲೂ ಎಳೆದು ತೆಗೆಯಿರಿ, ಮೂರು ನಾಲ್ಕು ಸಲ ಒರೆಸಿ ಮತ್ತೆ ಮಾಡಿ. ಎರಡೂ ಕಾಲಿಗೆ ಒಂದೇ ಅಳತೆಯ ಫೋರ್ಕ್ ಆಯಿಲ್ ಇರಲಿ. ಡಿಸ್ಕಿಗೆ ಆಯಿಲ್ ಸಿಡಿದಿದ್ದರೆ ಡಿಸ್ಕನ್ನು ಬ್ರೇಕ್ ಕ್ಲೀನರಿನಲ್ಲಿ ಒರೆಸಿ. ಆಯಿಲ್ ಕುಡಿದ ಬ್ರೇಕ್ ಪ್ಯಾಡ್ ಮಾತ್ರ ಒರೆಸಿದರೆ ಸರಿಹೋಗುವುದಿಲ್ಲ. ಹೊಸ ಪ್ಯಾಡ್ ಹಾಕದೆ ಘಾಟಿ ಇಳಿಯಬೇಡಿ.